ಸೋಫಾ ಬಂತು, ಚಿನ್ನು ಬರಲಿಲ್ಲ

ಅಮೆರಿಕದಿಂದ ಮೈಸೂರಿಗೆ ವಾಪಸ್ ಬಂದು ನಾಲ್ಕು ತಿಂಗಳಾಯಿತು. ಕಂಟೇನರ್‌ನಲ್ಲಿ ಸೋಫಾ ಬಂತು, ಮಗಳ ಸೈಕಲ್ಲೂ ಬಂತು. ಚಿನ್ನು ಮಾತ್ರ ಬರಲಿಲ್ಲ.

ಚಿನ್ನು ನಮ್ಮ ಕಾಕಟೀಲ್, ಗಿಳಿ ಜಾತಿಯ ಪುಟ್ಟ ಹಕ್ಕಿ. ಬೂದು ಮೈ, ಹಳದಿ ಜುಟ್ಟು, ಎರಡೂ ಕೆನ್ನೆ ಮೇಲೆ ಕುಂಕುಮ ಇಟ್ಟ ಹಾಗೆ ಕಿತ್ತಳೆ ಬೊಟ್ಟು. ಆರು ವರ್ಷ ನಮ್ಮ ಜೊತೆ ಇದ್ದ. ಕೊತ್ತಂಬರಿ ಸೊಪ್ಪು ತೊಳೆದು ತಟ್ಟೆಯಲ್ಲಿಟ್ಟರೆ ಸಾಕು, ಹಾರಿ ಬಂದು ಅದರ ಮೇಲೆ ಹೊರಳಾಡುತ್ತಿದ್ದ. ಅದೇ ಅವನ ಸ್ನಾನ. ಹೊಟ್ಟೆ, ರೆಕ್ಕೆ ಎಲ್ಲ ಒದ್ದೆ ಮಾಡಿಕೊಂಡು ನನ್ನ ಹೆಗಲ ಮೇಲೆ ಕೂತು ಮೈ ಕೊಡವುತ್ತಿದ್ದ. ಈಗಲೂ ಸೊಪ್ಪು ತೊಳೆದು ನಾಲ್ಕು ಎಸಳು ಪಕ್ಕಕ್ಕಿಡುತ್ತೇನೆ. ಅಭ್ಯಾಸ.

ಹೊರಡುವ ಮೊದಲು ಸಾಮಾನು ಸಾಗಿಸುವವರನ್ನು ಕೇಳಿದ್ದೆ. "ಹಕ್ಕಿ ತಾನೆ, ಆಗತ್ತೆ ಮೇಡಂ" ಅಂದಿದ್ದರು. ನಂಬಿದೆ. ಎರಡು ವಾರ ಇರುವಾಗ ಫೋನ್ ಬಂತು, ಆಗಲ್ಲ ಅಂತ. ಅಮ್ಮನ ಆಪರೇಷನ್ ತಾರೀಖು ಗೊತ್ತಾಗಿತ್ತು. ಟಿಕೆಟ್ ಮುಂದಕ್ಕೆ ಹಾಕುವ ಹಾಗಿರಲಿಲ್ಲ.

"ನಾಯಿ ತರಬಹುದಂತೆ, ಹಕ್ಕಿ ಯಾಕಾಗಲ್ಲ?" ಅಂತ ತುಂಬಾ ಜನ ಕೇಳಿದ್ದಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹಕ್ಕಿ ಗಡಿ ದಾಟಬೇಕಾದರೆ ಎರಡು ಗೇಟುಗಳಿವೆ. ಒಂದು ಕಾಡುಪ್ರಾಣಿ ವ್ಯಾಪಾರದ್ದು. ಅಲ್ಲಿ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ನಡೆಯುತ್ತದೆ. 1975ರಲ್ಲಿ ಜಾರಿಗೆ ಬಂತು, ಮರುವರ್ಷವೇ ಭಾರತವೂ ಸೇರಿತು. ಗಿಳಿ ಜಾತಿಯ ಹೆಚ್ಚುಕಮ್ಮಿ ಎಲ್ಲ ಹಕ್ಕಿಗಳೂ ಅದರ ಪಟ್ಟಿಯಲ್ಲಿವೆ. ಆಫ್ರಿಕನ್ ಗ್ರೇ ಅನ್ನುವ ಬೂದು ಗಿಳಿ ಅಂತೂ 2017ರಿಂದ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ. ಕಾಕಟೀಲ್, ನಾವೆಲ್ಲ ಲವ್ ಬರ್ಡ್ಸ್ ಅಂತ ಕರೆಯುವ ಬಜರಿಗರ್ ಇಂಥ ಕೆಲವೇ ಹೊರಗಿವೆ. ಹಾಗಾಗಿ ಚಿನ್ನುಗೆ ಈ ಗೇಟಿನಲ್ಲಿ ತಕರಾರೇ ಇರಲಿಲ್ಲ.

ಎರಡನೆಯದು ರೋಗದ ಗೇಟು. ಅವನು ನಿಂತಿದ್ದು ಅಲ್ಲಿ. ವಿದೇಶದಿಂದ ಮನೆ ಬದಲಾಯಿಸಿ ಬರುವವರು ಬ್ಯಾಗೇಜ್ ಲೆಕ್ಕದಲ್ಲಿ ಎರಡು ನಾಯಿ ಅಥವಾ ಬೆಕ್ಕು ತರಬಹುದು. ಅದಕ್ಕೆ ಬೆಂಗಳೂರೂ ಸೇರಿ ಕೆಲವು ನಗರಗಳಲ್ಲಿ ಪ್ರಾಣಿ ಕ್ವಾರಂಟೈನ್ ಕೇಂದ್ರಗಳಿವೆ. ಆ ಸೌಲಭ್ಯದಲ್ಲಿ ಹಕ್ಕಿ ಇಲ್ಲ. ಹಕ್ಕಿಗೆ ಬೇರೆ ಲೈಸೆನ್ಸ್ ಬೇಕು. ಅದರ ಮೇಲೆ ಹಕ್ಕಿಜ್ವರ ಇರುವ ದೇಶಗಳಿಗೆ ಬಾಗಿಲು ಮುಚ್ಚುತ್ತಾರೆ. ಅಮೆರಿಕದಲ್ಲಿ 2022ರಿಂದ ಹಕ್ಕಿಜ್ವರ ಹೋಗಿಯೇ ಇಲ್ಲ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. 1971ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾಗೆ ಹೊರಗಿಂದ ತಂದ ಗಿಳಿಗಳ ಜೊತೆ ಕೋಳಿಗಳಿಗೆ ಬೇಗ ಹರಡುವ ನ್ಯೂಕ್ಯಾಸಲ್ ರೋಗ ಬಂತು. ಅದನ್ನು ತಡೆಯಲು ಸುಮಾರು 1 ಕೋಟಿ 20 ಲಕ್ಷ ಹಕ್ಕಿಗಳನ್ನು ಕೊಲ್ಲಬೇಕಾಯಿತು, ಜಾಸ್ತಿ ಕೋಳಿಗಳೇ. ನಮ್ಮ ಹೆಸರಘಟ್ಟದಲ್ಲೇ 2012ರಲ್ಲಿ ಟರ್ಕಿ ಕೋಳಿಗಳು ಹಕ್ಕಿಜ್ವರದಿಂದ ಸತ್ತಿದ್ದು ನೆನಪಿರಬಹುದು. ಸಾಲ ಮಾಡಿ ಕೋಳಿ ಫಾರಂ ಹಾಕಿದವರ ಕಷ್ಟ ಗೊತ್ತಿರುವ ಮನೆಯಿಂದ ಬಂದವಳು ನಾನು. ನಿಯಮ ಸಡಿಲ ಮಾಡಿ ಅಂತ ಕೇಳುವುದಿಲ್ಲ.

ದಾರಿ ಮಾಡಿ ಅಂತ ಕೇಳುತ್ತೇನೆ. ಎಷ್ಟು ಬಿಗಿಯಾದರೂ ಇರಲಿ. ಹೊರಗಿಂದ ಬರುವ ಸಾಕು ಹಕ್ಕಿಯನ್ನು ಅಮೆರಿಕ 30 ದಿನ ಸರ್ಕಾರಿ ಕ್ವಾರಂಟೈನ್‌ನಲ್ಲಿ ಇಟ್ಟುಕೊಳ್ಳುತ್ತದೆ, ಪರೀಕ್ಷೆ ಮಾಡುತ್ತದೆ, ಆಮೇಲೆ ಬಿಡುತ್ತದೆ. ಖರ್ಚು ನಮ್ಮದೇ. ಯುರೋಪಿಗೆ ಒಬ್ಬರು ಐದು ಹಕ್ಕಿಗಳವರೆಗೆ ಕರೆದುಕೊಂಡು ಹೋಗಬಹುದು, ಮೊದಲೇ ಬೇರೆ ಇಟ್ಟು ಪರೀಕ್ಷೆ ಮಾಡಿಸುವಂಥ ಷರತ್ತುಗಳಿವೆ, ಅಷ್ಟೆ. ಒಂದು ಮನೆಯ ಒಂದು ಹಕ್ಕಿ, ಕಾಲಿಗೆ ಉಂಗುರ, ಡಾಕ್ಟರ ಸರ್ಟಿಫಿಕೇಟ್, ಒಂದು ತಿಂಗಳ ಕ್ವಾರಂಟೈನ್. ಇಷ್ಟನ್ನು ನಾವೂ ಮಾಡಬಹುದಲ್ವಾ? ಆ ಒಂದು ತಿಂಗಳು ಅವನು ಅಪರಿಚಿತರ ಕೈಯಲ್ಲಿ ಹೆದರಿ ಮುದುಡಿ ಕೂರುತ್ತಿದ್ದ, ಗೊತ್ತು. ಆದರೂ ಮೂವತ್ತೊಂದನೇ ದಿನ ನನ್ನ ಹೆಗಲ ಮೇಲಿರುತ್ತಿದ್ದ.

ಇಲ್ಲಿಂದ ಹೊರಗೆ ಹೋಗುವವರಿಗೂ ಒಂದು ಮಾತು. ಶಿವಾಜಿನಗರದಲ್ಲೋ ಇನ್ನೆಲ್ಲೋ ಹಕ್ಕಿ ತರುವಾಗ ಪಂಜರ, ಕಾಳು ಎಲ್ಲ ಕೇಳಿ ತರುತ್ತೇವೆ. ಕಾಗದ ಕೇಳುವುದಿಲ್ಲ. ಎಲ್ಲಿ ಹುಟ್ಟಿತು, ಯಾರು ಬೆಳೆಸಿದರು, ಉಂಗುರದ ನಂಬರ್ ಏನು ಅನ್ನುವ ಕಾಗದವಿಲ್ಲದಿದ್ದರೆ ನಾಳೆ ಯಾವ ದೇಶದ ಅರ್ಜಿಯೂ ಮುಂದೆ ಹೋಗುವುದು ಕಷ್ಟ. ಆಫ್ರಿಕನ್ ಗ್ರೇ ಇಟ್ಟುಕೊಂಡವರು 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. ಆ ಹಕ್ಕಿ ನಲವತ್ತು ವರ್ಷ ದಾಟಿ ಬದುಕುತ್ತದೆ. ಅಷ್ಟರಲ್ಲಿ ನಾವು ಎಷ್ಟು ಊರು ಬದಲಾಯಿಸುತ್ತೇವೋ! ಇನ್ನು "ನಮ್ಮಜ್ಜಿಯ ಹಸಿರು ಗಿಣೀನ ಮಗನ ಮನೆಗೆ, ಆಸ್ಟಿನ್‌ಗೆ ಕಳಿಸಬಹುದಾ" ಅಂತ ಕೇಳಿದ್ದಿರಿ ಒಬ್ಬರು. ಇಲ್ಲ. ಕೊರಳಲ್ಲಿ ಕೆಂಪು ಪಟ್ಟಿ ಇರುವ ನಮ್ಮ ಗಿಣಿಯನ್ನು ಇಲ್ಲಿ ಪಂಜರದಲ್ಲಿ ಇಡುವುದೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಚಿನ್ನು ಈಗ ನಮ್ಮ ಗೆಳತಿಯ ಮನೆಯಲ್ಲಿದ್ದಾನೆ. ಚೆನ್ನಾಗಿ ನೋಡಿಕೊಳ್ಳುತ್ತಾರೆ. ಮೊದಲ ವಾರ ವಿಡಿಯೋ ಕಾಲ್‌ನಲ್ಲಿ ನನ್ನ ದನಿ ಕೇಳಿ ಫೋನಿನ ಹಿಂದೆ ಹೋಗಿ ಹುಡುಕುತ್ತಿದ್ದ. ಅದನ್ನು ನೋಡಲಾಗದೆ ಫೋನ್ ಮಾಡುವುದನ್ನೇ ಕಡಿಮೆ ಮಾಡಿದೆ.

ವಾಪಸ್ ಬರುವ ಯೋಚನೆಯಲ್ಲಿದ್ದು ಮನೆಯಲ್ಲಿ ಹಕ್ಕಿ ಇರುವವರು ಒಂದು ವರ್ಷ ಮೊದಲೇ ವಿಚಾರಿಸಿ. ಸಾಮಾನು ಸಾಗಿಸುವವರನ್ನಲ್ಲ, ನೇರವಾಗಿ ಕ್ವಾರಂಟೈನ್ ಕಚೇರಿಗೇ ಬರೆದು ಕೇಳಿ. ಯಾರಾದರೂ ಲೈಸೆನ್ಸ್ ತೆಗೆಸಿ ಹಕ್ಕಿ ತಂದಿದ್ದರೆ ದಯವಿಟ್ಟು ನನಗೆ ಬರೆಯಿರಿ. ನಾನು ಇನ್ನೂ ಕೈಬಿಟ್ಟಿಲ್ಲ.