ಅದು ಡೈನೋಸಾರ್ ಹಲ್ಲಲ್ಲ, ತಪ್ಪು ನನ್ನದೇ

ಹೋದ ವಾರ ಇಂಗ್ಲೆಂಡಿನ ಚಾರ್ಮತ್ ಕಡಲತೀರದಲ್ಲಿ ಸಿಕ್ಕ ಬೆರಳುದ್ದದ ಕಲ್ಲಿನ ಫೋಟೋ ಹಾಕಿ, 'ಡೈನೋಸಾರ್ ಹಲ್ಲು ಸಿಕ್ತು' ಎಂದು ಬರೆದಿದ್ದೆ. ಅದೀಗ 'ಕನ್ನಡಿಗನಿಗೆ ಸಿಕ್ಕ ಕೋಟಿ ಬೆಲೆಯ ಹಲ್ಲು' ಎಂದು ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತಿದೆ. ಕೋಟಿಯ ಮಾತು ನನ್ನದಲ್ಲ. ಹಲ್ಲು ಅಂದಿದ್ದು ಮಾತ್ರ ನಾನೇ, ಅದು ತಪ್ಪು.

ಅದು ಬೆಲೆಮ್ನೈಟ್ ಎಂಬ ಕಡಲಪ್ರಾಣಿಯ ತುಂಡು. ಸ್ಕ್ವಿಡ್, ಅಂದರೆ ನಮ್ಮ ಕರಾವಳಿಯ ಬೊಂಡಾಸಿನ ದೂರದ ನೆಂಟ. ಅದರ ಮೈಯೊಳಗೆ, ಬಾಲದ ಕಡೆ, ಬಂದೂಕಿನ ಗುಂಡಿನಂಥ ಗಟ್ಟಿ ಭಾಗ ಇರುತ್ತಿತ್ತು. ಮೆತ್ತನೆಯ ಮೈ ಕೊಳೆತು ಹೋಗಿ ಸಾಮಾನ್ಯವಾಗಿ ಇದೊಂದೇ ಉಳಿಯುತ್ತದೆ. ಚಾರ್ಮತ್‌ನ ಈ ಬಂಡೆಗಳು ಸುಮಾರು 19 ಕೋಟಿ ವರ್ಷ ಹಿಂದಿನ ಜುರಾಸಿಕ್ ಸಮುದ್ರದ ತಳದ ಕೆಸರು.

ಗೊತ್ತಾಗಿದ್ದು ಹೇಗೆ? ಮುರಿದ ತುದಿಯನ್ನು ಲೆನ್ಸ್ ಹಿಡಿದು ನೋಡಿದೆ. ನಡುವಿನಿಂದ ಸುತ್ತಲೂ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಹರಡಿದ ಕ್ಯಾಲ್ಸೈಟ್ ಹರಳುಗಳು, ಜೊತೆಗೆ ಮರದ ಕಾಂಡದಲ್ಲಿರುವಂಥ ಉಂಗುರಗಳು. ಹಲ್ಲಾಗಿದ್ದರೆ ಹೊರಗೆ ತೆಳುವಾದ ಎನಾಮಲ್, ಒಳಗೆ ಬೇರೆ ಬಗೆಯ ಪದರ ಕಾಣಬೇಕಿತ್ತು. ಅದಿಲ್ಲ. ಚೂಪಾಗಿದೆ ಅಂತ ಸುಮ್ನೆ ಹಲ್ಲು ಅಂದುಬಿಟ್ಟಿದ್ದೆ.

ಬೆಲೆ? ಆ ತೀರದಲ್ಲಿ ಇಂಥವು ಜಾಸ್ತಿ. ಮಕ್ಕಳೂ ಹೆಕ್ಕಿ ಜೇಬಿಗೆ ಹಾಕಿಕೊಳ್ಳುತ್ತಾರೆ. (ಹಿಂದೆ ಅಲ್ಲಿನವರು ಇವನ್ನು ಸಿಡಿಲಿನ ಜೊತೆ ಬಿದ್ದ ಕಲ್ಲು ಅಂತ ನಂಬಿದ್ದರು. ನನ್ನದಕ್ಕಿಂತ ಚೆಂದದ ತಪ್ಪು, ಅಲ್ವಾ?)

ಹಳೆಯ ಪೋಸ್ಟ್ ಅಳಿಸಿದ್ದೇನೆ. ಆ ಮೆಸೇಜ್ ನಿಮಗೆ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಇದನ್ನು ತೋರಿಸಿ.