ಇಪ್ಪತ್ತು ನಿಮಿಷ ಮುಂಚೆ ಬಂದ ಪವಾಡ

ದೆಹಲಿಯಿಂದ ಬಂದ ವಿಮಾನದ ಚಕ್ರ ದೇವನಹಳ್ಳಿಯ ನೆಲ ಮುಟ್ಟಿದ್ದೇ ತಡ, ಅದೇ ಹಳೇ ಘೋಷಣೆ: 'ನಿಗದಿತ ಸಮಯಕ್ಕಿಂತ ಇಪ್ಪತ್ತು ನಿಮಿಷ ಮುಂಚೆ ತಲುಪಿದ್ದೇವೆ.' ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನೀವೂ ಕೇಳಿರುತ್ತೀರಿ. ತಟ್ಟಿಯೂ ಇರಬಹುದು, ಬಿಡಿ.

ಎರಡೂ ಊರು ಇರುವುದು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿ, 77 ಡಿಗ್ರಿಯ ಆಸುಪಾಸು. ಮೂಗಿನ ನೇರಕ್ಕೆ ಹಾರಿದರೆ ಸುಮಾರು 1,700 ಕಿ.ಮೀ. ಗಂಟೆಗೆ 800 ಕಿ.ಮೀ. ಓಡುವ ಜೆಟ್ಟಿಗೆ ಎರಡು ಗಂಟೆ ಚಿಲ್ಲರೆಯ ಕೆಲಸ. ಟಿಕೆಟ್ಟಿನಲ್ಲಿ ಮಾತ್ರ ಎರಡೂಮುಕ್ಕಾಲು, ಕೆಲವೊಮ್ಮೆ ಮೂರು. ರನ್‌ವೇ ಸಾಲು, ಆಕಾಶದಲ್ಲಿ ಗಿರಕಿ ಎಲ್ಲ ಸೇರಿದ್ದು ಎನ್ನುತ್ತಾರೆ. ಒಪ್ಪಿದೆ. ಅದರ ಮೇಲೆ ಕೈತುಂಬ ಕೊಸರು ಹಾಕಿದ್ದಾರಲ್ಲ, ಅದು? ಸಾಲದ್ದಕ್ಕೆ ಹದಿನೈದು ನಿಮಿಷ ತಡವಾದರೂ 'ಆನ್ ಟೈಮ್' ಲೆಕ್ಕವಂತೆ. ನಮ್ಮ ಎಸ್ಸೆಸ್ಸೆಲ್ಸಿ ಬೋರ್ಡಿನ ಗ್ರೇಸ್ ಮಾರ್ಕ್ಸು ಇದರ ಮುಂದೆ ಜಿಪುಣತನ.

ಚಿಕ್ಕಂದಿನಲ್ಲಿ ತಿಪಟೂರಿನ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸಿನವನೊಬ್ಬನಿದ್ದ. 'ಹೊರಟ್ತು, ಹೊರಟ್ತು' ಎಂದು ಕಂಡಕ್ಟರ್ ಬಾಗಿಲು ಬಡಿಯುವುದು, ಡ್ರೈವರ್ ಗುರ್ ಅನ್ನಿಸಿ ಎರಡು ಅಡಿ ಮುಂದೆ ಬಿಡುವುದು. ಕಡಲೆಕಾಯಿ ಕೊಳ್ಳುತ್ತಿದ್ದವರೆಲ್ಲ ಪೊಟ್ಟಣ ಬಿಟ್ಟು ಓಡಿಬಂದು ಹತ್ತುವರು. ಬಸ್ಸು ಎರಡು ಅಡಿ ಹಿಂದೆ ಬರುವುದು. ಹೀಗೆ ಅರ್ಧ ಗಂಟೆ. ಅವನನ್ನು ಕಳ್ಳ ಅಂದುಕೊಂಡಿದ್ದೆವು. ಪಾಪ, ಕಾಲಕ್ಕಿಂತ ಮುಂಚೆ ಹುಟ್ಟಿದ ವಿಮಾನಯಾನ ತಜ್ಞ! ಬಾಗಿಲು ಹಾಕಿ, ಟ್ರ್ಯಾಕ್ಟರಿನಂಥದ್ದೊಂದು ಬಂದು ವಿಮಾನವನ್ನು ಹಿಂದಕ್ಕೆ ನೂಕಿದರೆ, ಲೆಕ್ಕದ ಪುಸ್ತಕದಲ್ಲಿ ಅದು ಹೊರಟಾಯಿತು. ಆಮೇಲೆ ಗಂಟೆಗಟ್ಟಲೆ ಬಿಸಿಲಲ್ಲಿ ನಿಂತರೂ ಹೊರಟದ್ದು ಹೊರಟದ್ದೇ.

ಇನ್ನೂ ಸೊಗಸಾದದ್ದೊಂದಿದೆ. ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ಬ್ಲಾಕ್ ಟೈಮ್, ಅಂದರೆ ವಿಮಾನ ನಿಂತ ಜಾಗ ಬಿಟ್ಟು ಇನ್ನೊಂದೂರಲ್ಲಿ ಬಂದು ನಿಲ್ಲುವವರೆಗಿನ ಹೊತ್ತು, ಎರಡೂವರೆ ಗಂಟೆಯೊಳಗಿದ್ದರೆ, ಎರಡು ಗಂಟೆ ತಡವಾದಾಗ ಊಟ ತಿಂಡಿ ಕೊಡಬೇಕು. ಎರಡೂವರೆ ದಾಟಿದರೆ ಮೂರು ಗಂಟೆ ಕಾಯಿಸಬಹುದು. ಅಂದರೆ ಕಾಗದದ ಮೇಲೆ ಪ್ರಯಾಣ ಉದ್ದವಾದಷ್ಟೂ ನಿಮ್ಮ ಇಡ್ಲಿ ದೂರ. ಬೇಕಂತಲೇ ಮಾಡಿದ್ದಾರೆ ಎನ್ನುತ್ತಿಲ್ಲ. ಅಷ್ಟು ಬುದ್ಧಿ ಖರ್ಚು ಮಾಡುವವರಾಗಿದ್ದರೆ ಮೊನ್ನೆ ಪಕ್ಕದ ಸೀಟಿನ ಅಜ್ಜನಿಗೆ ಒಂದು ಲೋಟ ನೀರು ಸಿಗುತ್ತಿತ್ತು. ನಿಂತ ವಿಮಾನದಲ್ಲಿ ಐವತ್ತು ನಿಮಿಷ, ಎಸಿ ಸತ್ತಿತ್ತು, ಮಗುವೊಂದು ಅತ್ತು ಅತ್ತು ದನಿ ಕಳಕೊಂಡಿತ್ತು. ಮೂರು ಸಲ ಕೇಳಿದೆ. 'ಸೀಟ್ ಬೆಲ್ಟ್ ಹಾಕಿಕೊಳ್ಳಿ ಸರ್.' ಸಾಕಾಗಿದೆ ರೀ. ತಡವಾದರೆ ತಡವಾಯಿತು ಅನ್ನಿ, ಅಷ್ಟೇ. ಯಾರೂ ಗಲ್ಲಿಗೇರಿಸುವುದಿಲ್ಲ.

ಚಪ್ಪಾಳೆ ನಿಂತಿತು. ಎಲ್ಲರೂ ಎದ್ದು, ಲಗೇಜು ಕೆಳಗಿಳಿಸಿ, ಕತ್ತು ಬಗ್ಗಿಸಿ ಸಾಲು ನಿಂತರು. ಅಮ್ಮನ ಫೋನು.

'ಬಂದ್ಯೇನೋ?'

'ಬಂದೆ ಅಮ್ಮ. ಇಪ್ಪತ್ತು ನಿಮಿಷ ಮುಂಚೇನೇ.'

'ಹಂಗಾದ್ರೆ ಅನ್ನಕ್ಕಿಡ್ಲಾ?'

ಕಿಟಕಿಯಾಚೆ ನೋಡಿದೆ. ಏಣಿ ಇನ್ನೂ ಬಂದಿರಲಿಲ್ಲ.