ಲಿನಕ್ಸ್‌ಗೆ ಹೊಸದಾಗಿ ಬಂದವರ ಕೈಗೆ ಬರೀ ಕಮ್ಯಾಂಡ್ ಕೊಟ್ಟು ಕಳಿಸಬೇಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಲ್ಯಾಪ್‌ಟಾಪ್ ಇನ್ನೂ ಚೆನ್ನಾಗಿ ಓಡುತ್ತಿದೆ, ಆದರೆ ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಸೌಲಭ್ಯ ಇಲ್ಲ, ಇಲ್ಲವೇ ಪ್ರೊಸೆಸರ್ ಹಳೆಯದು. ಹೀಗೆ ಸಿಕ್ಕಿಕೊಂಡವರು ಈಗ ವಿಂಡೋಸ್ ಬದಲಿಗೆ ಬಳಸಬಹುದಾದ ಲಿನಕ್ಸ್‌ನ ಡಿಸ್ಟ್ರೋಗಳಾದ, ಅಂದರೆ ಬೇರೆ ಬೇರೆ ರೂಪಗಳಾದ, ಉಬುಂಟು, ಲಿನಕ್ಸ್ ಮಿಂಟ್ ಬಗ್ಗೆ ವಿಚಾರಿಸುತ್ತಿದ್ದಾರೆ. ನನಗೆ ಇದು ತುಂಬಾ ಖುಷಿಯ ವಿಷಯ. ಪೆನ್‌ಡ್ರೈವ್ ಹಾಕಿ ಮಿಂಟ್ ಇನ್‌ಸ್ಟಾಲ್ ಮಾಡುವುದು ಈಗ ದೊಡ್ಡ ಕೆಲಸವೇ ಅಲ್ಲ. ತೊಂದರೆ ಶುರುವಾಗುವುದು ಆಮೇಲೆ, ಅವರಿಗೆ ಒಂದು ಸಾಫ್ಟ್‌ವೇರ್ ಬೇಕಾದಾಗ. ಆಗ ಲಿನಕ್ಸ್ ಗೊತ್ತಿರುವ ನಮ್ಮಲ್ಲಿ ಬಹಳಷ್ಟು ಜನ ಮಾಡುವುದು ಒಂದೇ ಕೆಲಸ: ಒಂದು ಸಾಲಿನ ಕಮ್ಯಾಂಡ್ ವಾಟ್ಸಾಪ್‌ನಲ್ಲಿ ಕಳಿಸಿ, ‘ಇದನ್ನ ಟರ್ಮಿನಲ್‌ಗೆ ಪೇಸ್ಟ್ ಮಾಡಿ’ (ಟರ್ಮಿನಲ್ ಅಂದರೆ ಕಮ್ಯಾಂಡ್ ಟೈಪ್ ಮಾಡುವ ಕಿಟಕಿ) ಅಂದು ಸುಮ್ಮನಾಗುವುದು. ಇದು ಸಹಾಯ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕೇಳಬೇಕಾದದ್ದು ಯಾವ ಡಿಸ್ಟ್ರೋ, ಯಾವ ವರ್ಷನ್ ಅಂತ. ಅದಕ್ಕಿಂತ ಮುಖ್ಯವಾಗಿ, ಆ ಸಾಫ್ಟ್‌ವೇರ್‌ನಿಂದ ಅವರಿಗೆ ಆಗಬೇಕಾದ ಕೆಲಸ ಏನು ಅಂತ. ‘ಫೋಟೋಶಾಪ್ ಹಾಕಿಕೊಡಿ’ ಅನ್ನುವವರಿಗೆ ಬೇಕಾಗಿರುವುದು ಎಷ್ಟೋ ಸಲ ಆನ್‌ಲೈನ್ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಕ್ರಾಪ್ ಮಾಡಿ ಚಿಕ್ಕದು ಮಾಡುವುದಷ್ಟೇ. ಮಿಂಟ್‌ನಲ್ಲಿ ಮೊದಲೇ ಇರುವ ಡ್ರಾಯಿಂಗ್ ಆಪ್ ಅದಕ್ಕೆ ಸಾಕು. ಅಂಥವರನ್ನು ವಿಂಡೋಸ್ ಸಾಫ್ಟ್‌ವೇರ್ ಓಡಿಸುವ ವೈನ್ ಹಾಕಿಸಿ, ಫೋಟೋ ತಿದ್ದುವ ಗಿಂಪ್ ಹಾಕಿಸಿ, ನಾಲ್ಕು ದಿನ ಅಲೆದಾಡಿಸಿದರೆ ಅವರು ವಿಂಡೋಸ್‌ಗೆ ವಾಪಸ್ ಹೋಗದೆ ಇನ್ನೇನು ಮಾಡುತ್ತಾರೆ?

ಇನ್ನೊಂದು, ಸಾಫ್ಟ್‌ವೇರ್ ಎಲ್ಲಿಂದ ಬರುತ್ತದೆ ಅನ್ನುವುದನ್ನು ಯಾರೂ ಅವರಿಗೆ ಹೇಳುವುದಿಲ್ಲ. ವಿಂಡೋಸ್‌ನವರಿಗೆ ಗೂಗಲ್ ಮಾಡಿ, ಯಾವುದೋ ಸೈಟಿನಿಂದ ಇಎಕ್ಸ್‌ಇ ಇಳಿಸಿ, ನೆಕ್ಸ್ಟ್ ನೆಕ್ಸ್ಟ್ ಒತ್ತುವುದೇ ರೂಢಿ. ಲಿನಕ್ಸ್‌ನಲ್ಲಿ ಡಿಸ್ಟ್ರೋದವರೇ ಸಾವಿರಾರು ಪ್ಯಾಕೇಜ್‌ಗಳನ್ನು ಕಟ್ಟಿ, ಡಿಜಿಟಲ್ ಸಹಿ ಹಾಕಿದ ಪಟ್ಟಿಯೊಂದಿಗೆ ರೆಪಾಸಿಟರಿ ಎಂಬ ಆನ್‌ಲೈನ್ ಉಗ್ರಾಣದಲ್ಲಿ ಇಟ್ಟಿರುತ್ತಾರೆ, ನಮ್ಮ ಕಂಪ್ಯೂಟರ್ ಆ ಸಹಿ ನೋಡಿಯೇ ಇಳಿಸಿಕೊಳ್ಳುತ್ತದೆ, ಆಮೇಲೆ ಎಲ್ಲದರ ಅಪ್‌ಡೇಟ್ ಒಂದೇ ಕಡೆಯಿಂದ ಬರುತ್ತದೆ. ಫೋನಿನ ಪ್ಲೇ ಸ್ಟೋರ್ ಥರ ಅಂದರೆ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ. ಡೆಬಿಯನ್ ಎಂಬ ಹಳೆಯ ಡಿಸ್ಟ್ರೋದಲ್ಲಿ, ಹೀಗೆ ಪ್ಯಾಕೇಜ್ ಇಳಿಸಿ ಹಾಕುವ ಆಪ್ಟ್ ಬಂದದ್ದು 1999ರ 2.1 ಬಿಡುಗಡೆಯಲ್ಲಿ, ಫೋನುಗಳಿಗೆ ಆಪ್ ಸ್ಟೋರ್ ಬರುವ ಎಷ್ಟೋ ಮೊದಲು. ಹಾಗಾಗಿ ಮೊದಲು ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ತೋರಿಸಿ. ಅಲ್ಲಿ ವಿಎಲ್‌ಸಿ ಹುಡುಕಿ ಅವರೇ ಹಾಕಿಕೊಳ್ಳಲಿ, ಮೌಸ್ ಅವರ ಕೈಯಲ್ಲೇ ಇರಲಿ.

ಸಾಫ್ಟ್‌ವೇರ್ ಹಂಚುವ ಬೇರೆ ಬಗೆಗಳಾದ ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್, ಆಪ್‌ಇಮೇಜ್‌ಗಳಲ್ಲಿ ಯಾವುದು ಮೇಲು ಅನ್ನುವ ಜಗಳ ಅವರಿಗೆ ಈಗಲೇ ಬೇಡ. ಆದರೆ ನಮಗೆ ಗೊತ್ತಿರಬೇಕು. ಉಬುಂಟುವಿನಲ್ಲಿ ಆಪ್ಟ್‌ನಿಂದ ಫೈರ್‌ಫಾಕ್ಸ್ ಹಾಕಿದರೂ 22.04ರಿಂದ ಬರುವುದು ಸ್ನ್ಯಾಪೇ. ಮಿಂಟ್‌ನಲ್ಲಿ 2020ರ 20ನೇ ಆವೃತ್ತಿಯಿಂದ ಸ್ನ್ಯಾಪ್ ಬರದಂತೆ ಬಂದ್ ಮಾಡಿದ್ದಾರೆ. ಒಂದೇ ಕಮ್ಯಾಂಡ್, ಎರಡು ಕಡೆ ಬೇರೆ ಬೇರೆ ಫಲ. ವರ್ಷನ್ ಕೇಳದೆ ಉತ್ತರ ಕೊಡಬಾರದು ಅನ್ನುವುದು ಇದಕ್ಕೇ.

ಟರ್ಮಿನಲ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕಾದಾಗ ಬೇಕು. ಆದರೆ ಮೊದಲ ಸಲ ಟರ್ಮಿನಲ್ ನೋಡುವವರ ಪಕ್ಕ ಕೂತು ನೋಡಿ. ‘ಸುಡೋ ಆಪ್ಟ್ ಇನ್‌ಸ್ಟಾಲ್’ (ಸುಡೋ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ) ಅಂತ ಬರೆದು ಎಂಟರ್ ಒತ್ತುತ್ತಾರೆ, ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುತ್ತಾರೆ, ಎಷ್ಟೋ ಡಿಸ್ಟ್ರೋಗಳಲ್ಲಿ ಪರದೆಯ ಮೇಲೆ ಏನೂ ಕಾಣಿಸುವುದಿಲ್ಲ. ಚುಕ್ಕಿಯೂ ಇಲ್ಲ, ನಕ್ಷತ್ರವೂ ಇಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಕಿಟಕಿ ಮುಚ್ಚಿಬಿಡುತ್ತಾರೆ. ‘ಕಾಣಿಸಲ್ಲ, ಆದ್ರೂ ಟೈಪ್ ಆಗ್ತಿರುತ್ತೆ, ಎಂಟರ್ ಒತ್ತಿ’ ಅಂತ ಒಂದು ಮಾತು ಮೊದಲೇ ಹೇಳಿದ್ದರೆ ಆಗಿತ್ತು, ಅಲ್ವಾ?

ಮುಂದೆ ಬರುವುದು ಲಾಕ್ ಎರರ್. ಪ್ಯಾಕೇಜ್ ಹಾಕುವ ಡಿಪಿಕೆಜಿಯ ಲಾಕ್ (ಒಂದು ಸಲಕ್ಕೆ ಒಂದೇ ಇನ್‌ಸ್ಟಾಲ್ ನಡೆಯಲಿ ಅಂತ ಇರುವ ಬೀಗ) ಸಿಗುತ್ತಿಲ್ಲ ಅಂತ ಇಂಗ್ಲಿಷ್‌ನಲ್ಲಿ ಉದ್ದದ ಸಾಲು ಬರುತ್ತದೆ. ತಕ್ಷಣ ಯಾರೋ ‘ಆ ಲಾಕ್ ಫೈಲ್ ಡಿಲೀಟ್ ಮಾಡಿ’ ಅನ್ನುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ! ಆ ಸಾಲನ್ನು ಪೂರ್ತಿ ಓದಿದರೆ ಲಾಕ್ ಹಿಡಿದಿರುವುದು ಯಾರು ಅಂತ ಅದರಲ್ಲೇ ಇರುತ್ತದೆ. ಬಹಳ ಸಲ ಅದು ಅನ್‌ಅಟೆಂಡೆಡ್ ಅಪ್‌ಗ್ರೇಡ್, ಅಂದರೆ ಕಂಪ್ಯೂಟರ್ ತಾನಾಗಿಯೇ ಹಿಂದೆ ಕೂತು ಸೆಕ್ಯುರಿಟಿ ಅಪ್‌ಡೇಟ್ ಹಾಕಿಕೊಳ್ಳುತ್ತಿರುತ್ತದೆ. ಕೆಲವು ನಿಮಿಷ ಕಾದರೆ ಲಾಕ್ ತಾನೇ ಬಿಡುತ್ತದೆ. ನಡುವೆ ಲಾಕ್ ಕಿತ್ತುಹಾಕಿ ಇನ್ನೊಂದು ಇನ್‌ಸ್ಟಾಲ್ ಶುರು ಮಾಡಿದರೆ ಪ್ಯಾಕೇಜ್‌ಗಳ ಲೆಕ್ಕವೇ ಕೆಡಬಹುದು, ಆಮೇಲೆ ಸರಿಮಾಡಲು ನೀವೇ ಓಡಬೇಕು. ಎರರ್ ಬಂದಾಗ ಅದನ್ನು ಜೊತೆಗೆ ಕೂತು ಓದುವುದು, ಒಂದೊಂದು ಪದಕ್ಕೂ ಕನ್ನಡದಲ್ಲಿ ಅರ್ಥ ಹೇಳುವುದು, ನಾವು ಮಾಡಬಹುದಾದ ದೊಡ್ಡ ಉಪಕಾರ. ಇಂಗ್ಲಿಷ್‌ಗೆ ಹೆದರಿಯೇ ಅರ್ಧ ಜನ ಎರರ್ ಓದುವುದಿಲ್ಲ.

ಸಂದೇಶ ಓದದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2021ರ ನವೆಂಬರ್‌ನಲ್ಲಿ ಬಂದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ವಿಡಿಯೋ ನೋಡಿ. ಪಾಪ್ ಓಎಸ್ ಎಂಬ ಡಿಸ್ಟ್ರೋದಲ್ಲಿ ಗೇಮ್‌ಗಳ ಸ್ಟೀಮ್ ಆಪ್ ಹಾಕಲು ಹೋದರು. ಪ್ಯಾಕೇಜ್‌ನಲ್ಲಿ ಒಂದು ದೋಷ ಇತ್ತು. ಟರ್ಮಿನಲ್ ಎಚ್ಚರಿಕೆ ಕೊಟ್ಟು, ‘ಹೌದು, ನಾನು ಹೇಳಿದಂತೆ ಮಾಡು’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಅಂದಿತು. ಮಾಡಿದರು. ಡೆಸ್ಕ್‌ಟಾಪೇ ಕಿತ್ತುಹೋಯಿತು. ಆಗ ತುಂಬಾ ಜನ ಅವರನ್ನೇ ಬೈದರು. ಆದರೆ ಪಾಪ್ ಓಎಸ್‌ನವರೂ ಆಪ್ಟ್‌ನವರೂ ಸಾಫ್ಟ್‌ವೇರನ್ನೇ ತಿದ್ದಿದರು, ಈಗ ಅಷ್ಟು ಸುಲಭವಾಗಿ ಹಾಗಾಗುವುದಿಲ್ಲ. ಅವರು ಮಾಡಿದ್ದೇ ಸರಿ. ಹೊಸಬರು ಎಡವಿದ ಕಡೆ ದಾರಿ ರಿಪೇರಿ ಮಾಡಬೇಕು.

ಹಳೇ ಬ್ಲಾಗುಗಳಿಂದ ಪಿಪಿಎ, ಅಂದರೆ ಡಿಸ್ಟ್ರೋದವರಲ್ಲದೆ ಬೇರೆಯವರು ನಡೆಸುವ ರೆಪಾಸಿಟರಿ, ಸೇರಿಸುವ ಸಾಲು ಎತ್ತಿ ಕೊಡುವುದನ್ನೂ ನಿಲ್ಲಿಸಬೇಕು. ಆ ಪಿಪಿಎ ಹೊಸ ಆವೃತ್ತಿಗೆ ಇಲ್ಲದಿದ್ದರೆ ಪ್ರತಿ ಅಪ್‌ಡೇಟ್‌ನಲ್ಲೂ ರಿಲೀಸ್ ಫೈಲ್ ಇಲ್ಲ ಅಂತ ಎರರ್ ಬರುತ್ತಲೇ ಇರುತ್ತದೆ, ಯಾಕೆ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ಇಂಟರ್‌ನೆಟ್‌ನಿಂದ ಸ್ಕ್ರಿಪ್ಟ್ ಇಳಿಸಿ ನೇರ ಸುಡೋ ಕೊಟ್ಟು ಓಡಿಸುವ ಸಾಲಂತೂ ಹೊಸಬರಿಗೆ ಯಾವತ್ತೂ ಕೊಡಬಾರದು.

ನಮ್ಮವರಿಗೆ ಸಹಾಯ ಮಾಡುವಾಗ ಕನ್ನಡ ಟೈಪಿಂಗ್ ಮೊದಲ ದಿನವೇ ಮುಗಿಸಿಕೊಡಿ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್‌ಗೆ ಹೋದರೆ ಕನ್ನಡದ ಕೆಳಗೆ ಕಗಪ ಲೇಔಟ್ ಸಿಗುತ್ತದೆ, ಏನೂ ಇಳಿಸಬೇಕಿಲ್ಲ. ಅದು ಕೈಗೆ ಒಗ್ಗದವರಿಗೆ ಐಬಸ್ ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗೌಟ್ ಆಗಿ ಬಂದರೆ ಇನ್ನೂ ಕೆಲವು ಆಯ್ಕೆ ಬರುತ್ತವೆ. ಸೂಪರ್ (ವಿಂಡೋಸ್ ಗುರುತಿನ ಕೀ) ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಬದಲಾಗುತ್ತದೆ. ನವಿಲು, ಗುಬ್ಬಿ ಫಾಂಟ್‌ಗಳು ರೆಪಾಸಿಟರಿಯಲ್ಲೇ ಇವೆ, ಅವನ್ನೂ ಹಾಕಿಕೊಡಿ.

ವರ್ಷಗಟ್ಟಲೆ ನುಡಿ, ಬರಹದಲ್ಲಿ ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟ್ ಬಳಸಿ ಟೈಪ್ ಮಾಡಿದ ಫೈಲ್ ಇದ್ದವರಿಗೆ ಒಂದು ವಿಷಯ ಮುಂಚೆಯೇ ಹೇಳಬೇಕು. ಎಂಎಸ್ ಆಫೀಸ್ ಥರದ ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಅಕ್ಷರ ಎಲ್ಲಾ ಕಲಸಿಹೋದಂತೆ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಆ ಫಾಂಟ್ ಇಲ್ಲ ಅಷ್ಟೇ. ಫಾಂಟ್ ಹಾಕಿದರೆ ಓದಬಹುದು, ಮುಂದೆಯೂ ಬಳಸಬೇಕಾದ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಾಯಿಸಿಕೊಡಿ.